ಆಳ ಅಳೆಯುವ ದುಡ್ಡು ಯಾರದು?

ನೀರಿನ ತಳದ ಮಣ್ಣೆತ್ತುವ ಯಂತ್ರಕ್ಕೆ ಡ್ರೆಜರ್ ಅನ್ನುವ ಶಬ್ದ ನಮ್ಮ ಉತ್ತರ ಕನ್ನಡ ಜಿಲ್ಲೆಯ ಮನೆಮನೆಗೆ ಬಂದದ್ದು 2024ರ ಮಳೆಗಾಲದಲ್ಲಿ. ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಮಣ್ಣು ಹೆದ್ದಾರಿ ದಾಟಿ ಗಂಗಾವಳಿ ನದಿಗೆ ಇಳಿಯಿತು. ಜೊತೆಗೆ ಜನ, ಗೂಡಂಗಡಿ, ಲಾರಿ ಎಲ್ಲವೂ ಹೋದವು. ನದಿಯ ತಳ ಕೆದಕಿ ಹುಡುಕಲು ಗೋವಾದಿಂದ ಡ್ರೆಜರ್ ತರಬೇಕು ಅಂದರು. ನೀರಿನ ಸೆಳೆತ ಇಳಿಯದೆ ಅದು ಕೆಲಸ ಮಾಡುವಂತಿರಲಿಲ್ಲ. ಕೊನೆಗೆ ಬಂದದ್ದು ಸೆಪ್ಟೆಂಬರ್‌ನಲ್ಲಿ. ಅಷ್ಟರೊಳಗೆ ಟೀವಿ ನೋಡುತ್ತಾ ನಾವೆಲ್ಲ ಅರ್ಧ ಎಂಜಿನಿಯರ್ ಆಗಿಬಿಟ್ಟಿದ್ದೆವು. ನದಿ ಎಷ್ಟು ಆಳ, ಸೆಳೆತ ಎಷ್ಟು, ಯಂತ್ರದ ಬಾಡಿಗೆ ಯಾರು ಕೊಡಬೇಕು ಅಂತ ಚಹಾದಂಗಡಿಯಲ್ಲೂ ಲೆಕ್ಕ ನಡೆಯುತ್ತಿತ್ತು.

ಅದು ಸಂಕಟದ ಹೊತ್ತಿನ ಮಾತು. ಆದರೆ ಆ ಕೊನೆಯ ಪ್ರಶ್ನೆ ಇದೆಯಲ್ಲ, ದುಡ್ಡು ಯಾರದು ಅನ್ನುವುದು, ಅದು ಕಾರವಾರದಿಂದ ಭಟ್ಕಳದವರೆಗಿನ ಪ್ರತಿ ಬಂದರಿನಲ್ಲೂ ಸದ್ದಿಲ್ಲದೆ ಕೂತಿದೆ. ಬಂದರು ಆಳ ಮಾಡಬೇಕು, ದೊಡ್ಡ ಹಡಗು ಬರಬೇಕು ಎಂಬ ಮಾತು ನಮ್ಮಲ್ಲಿ ಆಗಾಗ ಏಳುತ್ತದೆ. ಆಳ ಮಾಡುವ ಮೊದಲು ಅಧ್ಯಯನ ಆಗಬೇಕು. ಆ ಅಧ್ಯಯನಕ್ಕೆ ಯಾರು ದುಡ್ಡು ಹಾಕುತ್ತಾರೆ? ನಗರಸಭೆ, ಪಂಚಾಯಿತಿಗಳಿಗೆ ಅದರಲ್ಲಿ ಪಾಲು ಇರಬೇಕಾ? ಇದು ಬರೀ ಲೆಕ್ಕಪತ್ರದ ವಿಷಯ ಅಂತ ಬಹಳ ದಿನ ನಾನೂ ಅಂದುಕೊಂಡಿದ್ದೆ.

ಮೊದಲು ಆಳದ ಲೆಕ್ಕ ನೋಡೋಣ. ಹಡಗು ಬರಲು ಸಮುದ್ರದ ತಳದಲ್ಲಿ ಒಂದು ದಾರಿ ಬೇಕು. ಮೇಲಿನಿಂದ ನೋಡಿದರೆ ಬರೀ ನೀರು ಕಾಣುತ್ತದೆ. ಕೆಳಗೆ ಮಾತ್ರ ರಸ್ತೆಯ ಹಾಗೆ ಅಗಲ, ತಿರುವು, ಅಂಚು ಎಲ್ಲ ಇರುವ ಕಾಲುವೆ ಇರುತ್ತದೆ. ಚಾನೆಲ್ ಅನ್ನುವುದು ಅದಕ್ಕೇ. ಕಾರವಾರ ಬಂದರಿನಲ್ಲಿ ಹಡಗು ನಿಲ್ಲುವ ಧಕ್ಕೆಯಲ್ಲಿ ನೀರಿನ ಆಳ ಎಂಟು, ಎಂಟೂವರೆ ಮೀಟರ್ ಆಸುಪಾಸು. ಹಡಗಿನ ತಳಕ್ಕೂ ಸಮುದ್ರದ ತಳಕ್ಕೂ ನಡುವೆ ಒಂದಿಷ್ಟು ನೀರು ಉಳಿಯಲೇಬೇಕು. ಅಲೆಗೆ ಹಡಗು ಏಳುತ್ತದೆ, ಬೀಳುತ್ತದೆ. ಓಡುವಾಗ ತುಸು ಕೆಳಗೂ ಕುಸಿಯುತ್ತದೆ. ಅದನ್ನೆಲ್ಲ ಕಳೆದು ಉಳಿದ ಆಳಕ್ಕೆ ತಕ್ಕಷ್ಟೇ ಸರಕು ಹೇರಬೇಕು.

180 ಮೀಟರ್ ಉದ್ದ, 30 ಮೀಟರ್ ಅಗಲದ ಒಂದು ಸಾಧಾರಣ ಸರಕು ಹಡಗು ಅಂದುಕೊಳ್ಳಿ. ಅದು ಒಂದು ಸೆಂಟಿಮೀಟರ್ ಹೆಚ್ಚು ಮುಳುಗಬೇಕಾದರೆ ಸುಮಾರು 50 ಟನ್ ಭಾರ ಬೇಕು. ಅಂದರೆ ಒಂದು ಮೀಟರ್ ಆಳ ಜಾಸ್ತಿ ಸಿಕ್ಕರೆ ಒಂದೇ ಹಡಗಿನಲ್ಲಿ ಐದು ಸಾವಿರ ಟನ್ ಹೆಚ್ಚು ತುಂಬಬಹುದು. ಇನ್ನೂರು ಲಾರಿ ಸರಕು! ಬಂದರು ನಡೆಸುವವರಿಗೆ ಆಳದ ಮೇಲೆ ಯಾಕಿಷ್ಟು ಆಸೆ ಅನ್ನುವುದು ಈ ಒಂದು ಲೆಕ್ಕದಲ್ಲೇ ಗೊತ್ತಾಗುತ್ತದೆ.

ಇದೇ ಲೆಕ್ಕವನ್ನು ಮಣ್ಣಿನ ಕಡೆಯಿಂದಲೂ ಹಾಕಬೇಕು. 3 ಕಿಲೋಮೀಟರ್ ಉದ್ದ, 100 ಮೀಟರ್ ಅಗಲದ ಕಾಲುವೆಯನ್ನು 2 ಮೀಟರ್ ಆಳ ಮಾಡಿದರೆ 6 ಲಕ್ಷ ಘನ ಮೀಟರ್ ಮಣ್ಣು ಏಳುತ್ತದೆ. ಹತ್ತು ಘನ ಮೀಟರ್ ಹಿಡಿಯುವ ಟಿಪ್ಪರ್ ಆದರೆ ಅರವತ್ತು ಸಾವಿರ ಲೋಡು. ಇದು ಬರೀ ಉದಾಹರಣೆ, ಯಾವ ಯೋಜನೆಯ ಅಂಕಿಯೂ ಅಲ್ಲ. ಆದರೂ ಆ ಮಣ್ಣು ಎಲ್ಲಿಗೆ ಹೋಗುತ್ತದೆ? ಹೊರಗಡಲಲ್ಲಿ ಸುರಿದರೆ ಅಲ್ಲಿ ಬಲೆ ಬಿಡುವವರು ಯಾರು? ದಡಕ್ಕೆ ಹಾಕಿದರೆ ಯಾರ ಮನೆಯ ಮುಂದೆ? ತಳದಲ್ಲಿ ಕೆಸರಿದ್ದರೆ ಒಂದು ಖರ್ಚು, ಬಂಡೆ ಸಿಕ್ಕರೆ ಅದರ ಎಷ್ಟೋ ಪಟ್ಟು. ಹಾಗಾಗಿ ಅಧ್ಯಯನ ಅಂದರೆ ಸುಮ್ನೆ ಆಳ ಅಳೆದು ಬರುವುದಲ್ಲ. ದೋಣಿಯಿಂದ ಶಬ್ದದ ಅಲೆ ಬಿಟ್ಟು ತಳದ ನಕ್ಷೆ ಮಾಡಬೇಕು. ಕೊಳವೆ ಇಳಿಸಿ ಮಣ್ಣಿನ ಮಾದರಿ ತೆಗೆಯಬೇಕು. ಮಳೆಗಾಲವೂ ಸೇರಿ ಇಡೀ ವರ್ಷ ಅಲೆ, ಗಾಳಿ, ಉಬ್ಬರ-ಇಳಿತ, ಹೂಳಿನ ಓಡಾಟ ಬರೆದಿಡಬೇಕು. ಆಮೇಲೆ ಕಂಪ್ಯೂಟರ್ ಮಾದರಿ. 1916ರಲ್ಲಿ ಶುರುವಾದ, ಪುಣೆಯ ಖಡಕವಾಸ್ಲಾದಲ್ಲಿರುವ ಕೇಂದ್ರೀಯ ಜಲ ಮತ್ತು ವಿದ್ಯುತ್ ಸಂಶೋಧನಾ ಕೇಂದ್ರ ಬಂದರುಗಳ ಇಂಥ ಮಾದರಿ ಅಧ್ಯಯನಗಳಿಗೆ ಹೆಸರುವಾಸಿ. ಕಾರವಾರದ್ದು ನೌಕಾನೆಲೆಯ ಮಗ್ಗುಲಿನ ಬಂದರು, ಆದ್ದರಿಂದ ಭದ್ರತೆಯ ಒಪ್ಪಿಗೆಯೂ ಸೇರಿಕೊಳ್ಳುತ್ತದೆ.

ಇನ್ನೊಂದು ವಿಷಯ ಇಲ್ಲಿ ಕಲಸಿಹೋಗುತ್ತದೆ. ಹೂಳೆತ್ತುವುದು ಬೇರೆ, ಆಳ ಮಾಡುವುದು ಬೇರೆ. ಇದ್ದ ಆಳವನ್ನು ಉಳಿಸಿಕೊಳ್ಳಲು ವರ್ಷ ವರ್ಷ ತೆಗೆಯುವುದು ಹೂಳು. ಹಿಂದೆಂದೂ ಇಲ್ಲದ ಆಳಕ್ಕೆ ಅಗೆಯುವುದು ಬೇರೆಯೇ ಕೆಲಸ. 2006ರ ಪರಿಸರ ಪರಿಣಾಮ ಅಧಿಸೂಚನೆಯೂ ಹೀಗೆಯೇ ನೋಡುತ್ತದೆ. ಹೊಸದಾಗಿ ಆಳ ಮಾಡಲು ಪರಿಸರ ಅನುಮತಿ ಬೇಕು. ಮೂಲ ಯೋಜನೆಯಲ್ಲೇ ಸೇರಿಸಿ ಅನುಮತಿ ಪಡೆದಿದ್ದರೆ ವಾರ್ಷಿಕ ಹೂಳೆತ್ತುವುದಕ್ಕೆ ಮತ್ತೆ ಬೇಡ. ಕಾರವಾರದ ಬೈತಖೋಲ ಮೀನುಗಾರಿಕೆ ಬಂದರಿನಲ್ಲಿ ಬೋಟು ನಡೆಸುವ ಯಾವ ತಾಂಡೇಲನನ್ನು ಮಾತಾಡಿಸಿದರೂ ಹೂಳಿನ ಮಾತು ಬರುತ್ತದೆ. ಹೊನ್ನಾವರದಲ್ಲಿ ಶರಾವತಿ ಸಮುದ್ರ ಸೇರುವ ಅಳಿವೆಯಲ್ಲಂತೂ ಮರಳಿನ ದಿಬ್ಬಕ್ಕೆ ಬಡಿದು ಬೋಟು ಮಗುಚಿದ ಸುದ್ದಿ ನಮಗೆ ಹೊಸದೇ ಅಲ್ಲ. ಮೀನುಗಾರರು ಕೇಳುವುದು ಮೊದಲನೆಯದನ್ನು, ಅಂದರೆ ಹೂಳೆತ್ತುವುದನ್ನು. ಯೋಜನೆಯ ಕಡತದಲ್ಲಿ ಬರುವುದು ಎರಡನೆಯದು. ಡ್ರೆಜಿಂಗ್ ಎಂಬ ಒಂದೇ ಶಬ್ದದ ಕೆಳಗೆ ಎರಡೂ ಕೂತುಬಿಡುವುದರಿಂದ, ಮೀನುಗಾರರೇ ಡ್ರೆಜಿಂಗ್ ಕೇಳಿದ್ದರಲ್ಲ ಅಂತ ಆಮೇಲೆ ಹೇಳಲು ಬಹಳ ಅನುಕೂಲ.

ಈಗ ದುಡ್ಡಿನ ಪ್ರಶ್ನೆಗೆ ಬರೋಣ. ಅಮೆರಿಕದಲ್ಲಿ ಇದಕ್ಕೆ ಒಂದು ಪದ್ಧತಿ ಇದೆ. ಅಲ್ಲಿ ಹಡಗಿನ ಕಾಲುವೆಗಳ ಹೊಣೆ ಸೇನೆಯ ಎಂಜಿನಿಯರ್ ದಳದ್ದು. 1986ರಲ್ಲಿ ಬಂದ ಕಾನೂನಿನ ಪ್ರಕಾರ ಆಳ ಮಾಡಬಹುದೇ ಎಂಬ ಅಧ್ಯಯನದ ಅರ್ಧ ಖರ್ಚನ್ನು ಕೇಂದ್ರ ಕೊಡುತ್ತದೆ, ಉಳಿದರ್ಧ ಸ್ಥಳೀಯರು ಹಾಕಬೇಕು. ಸ್ಥಳೀಯರು ಅಂದರೆ ಬಂದರು ಪ್ರಾಧಿಕಾರ, ನಮ್ಮ ಜಿಲ್ಲೆಯ ಹಾಗಿರುವ ಕೌಂಟಿ, ನಗರ, ಟೆಕ್ಸಾಸ್‌ನಂಥ ಕಡೆ ಜಲಮಾರ್ಗ ನೋಡಿಕೊಳ್ಳುವ, ತೆರಿಗೆ ಹಾಕುವ ಹಕ್ಕಿರುವ ನ್ಯಾವಿಗೇಷನ್ ಡಿಸ್ಟ್ರಿಕ್ಟ್‌ಗಳು. ಅಗೆಯುವ ಖರ್ಚಿನಲ್ಲೂ ಅವರಿಗೆ ಪಾಲಿದೆ, ಆಳ ಹೆಚ್ಚಾದಂತೆ ಆ ಪಾಲೂ ಹೆಚ್ಚು. ಅಧ್ಯಯನಗಳು ದಶಕಗಟ್ಟಲೆ ಎಳೆಯುತ್ತಿದ್ದವು ಅಂತ 2014ರಲ್ಲಿ ಇನ್ನೊಂದು ಕಾನೂನು ತಂದು ಮೂರು ವರ್ಷ, ಮೂವತ್ತು ಲಕ್ಷ ಡಾಲರ್ ಎಂಬ ಮಿತಿ ಹಾಕಿದರು.

ಕೌಂಟಿಯ ಸಭೆಯಲ್ಲಿ ಇಂಥ ಅಧ್ಯಯನಕ್ಕೆ ದುಡ್ಡು ಕೊಡುವ ವಿಷಯ ಬಂದರೆ ಅಲ್ಲೂ ಜಗಳವೇ. ನಮ್ಮ ತೆರಿಗೆ ದುಡ್ಡಲ್ಲಿ ಹಡಗು ಕಂಪನಿಗೆ ಯಾಕೆ ದಾರಿ ಮಾಡಿಕೊಡಬೇಕು ಅನ್ನುವವರು ಇರುತ್ತಾರೆ. ಬಂದರು ಸೊರಗಿದರೆ ಊರೇ ಸೊರಗುತ್ತದೆ ಅನ್ನುವವರೂ ಇರುತ್ತಾರೆ. ಜಗಳ ಆಗುವುದೇ ಅದರ ಲಾಭ ಅನ್ನುವುದು ನನ್ನ ಅನಿಸಿಕೆ. ಜೇಬಿಗೆ ಕೈ ಹಾಕಬೇಕಾದವನು ಕಾಗದ ಓದುತ್ತಾನೆ.

ಜಾರ್ಜಿಯಾ ರಾಜ್ಯದ ಸವಾನಾ ಬಂದರಿನ ಕತೆ ಇಲ್ಲಿ ಹೇಳಬೇಕು. ನದಿಯೊಳಗಿನ ಆ ಬಂದರಿನ ದಾರಿಯನ್ನು 42 ಅಡಿಯಿಂದ 47 ಅಡಿಗೆ ಇಳಿಸಬೇಕಿತ್ತು. ಐದೇ ಅಡಿ. ಅಧ್ಯಯನ ಶುರುವಾದದ್ದು 1990ರ ದಶಕದಲ್ಲಿ, ಕೆಲಸ ಮುಗಿದದ್ದು 2022ರ ಮಾರ್ಚ್‌ನಲ್ಲಿ. ಒಟ್ಟು ಖರ್ಚು ಸುಮಾರು 97 ಕೋಟಿ ಡಾಲರ್. ಅದರಲ್ಲಿ ಹತ್ತಿರ ಹತ್ತಿರ ಅರ್ಧ ಹೋದದ್ದು ಪರಿಸರದ ಹಾನಿ ತುಂಬಿಕೊಡಲು. ಆಳ ಮಾಡಿದರೆ ಉಪ್ಪುನೀರು ಇನ್ನೂ ಒಳಗೆ ನುಗ್ಗುತ್ತದೆ, ತಳದ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ, ಮೀನಿಗೆ ಉಸಿರು ಕಟ್ಟುತ್ತದೆ ಅಂತ ಅಧ್ಯಯನ ಹೇಳಿತು. ಕೊನೆಗೆ ನದಿಗೆ ಆಮ್ಲಜನಕ ತುಂಬುವ ಯಂತ್ರಗಳನ್ನೇ ಕೂರಿಸಿದರು. ಪಕ್ಕದ ರಾಜ್ಯದವರು, ಪರಿಸರದವರು ಕೋರ್ಟಿಗೆ ಹೋದರು, 2013ರಲ್ಲಿ ರಾಜಿಯಾಯಿತು. ಕಾಲು ಶತಮಾನ ಹಿಡಿದದ್ದು ಜಾಸ್ತಿಯೇ ಆಯಿತು, ಒಪ್ಪೋಣ. ಆದರೆ ಮೀನು ಉಸಿರಾಡುತ್ತದಾ ಎಂಬ ಪ್ರಶ್ನೆ ವರದಿಯೊಳಗೆ ಇತ್ತು. ಅದಕ್ಕೊಂದು ಉತ್ತರವೂ, ಆ ಉತ್ತರಕ್ಕೆ ದುಡ್ಡೂ ಇತ್ತು.

ನಮ್ಮಲ್ಲಿ ಹೇಗೆ? ಸಂವಿಧಾನದ ಪ್ರಕಾರ ದೊಡ್ಡ ಬಂದರುಗಳು ಕೇಂದ್ರದ ಕೈಯಲ್ಲಿ. ನವಮಂಗಳೂರು ಅಂಥದ್ದು. ಉಳಿದ ಬಂದರುಗಳು ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಯಲ್ಲಿವೆ, ನಡೆಸುವುದು ರಾಜ್ಯ. ಕಾರವಾರ, ಬೇಲೇಕೇರಿ, ತದಡಿ, ಹೊನ್ನಾವರ, ಭಟ್ಕಳ ಎಲ್ಲ ಈ ಗುಂಪಿನವು. ಹಿಂದೆ ಬಂದರು ಇಲಾಖೆ ನೋಡಿಕೊಳ್ಳುತ್ತಿತ್ತು, ಈಗ ಕರ್ನಾಟಕ ಜಲಸಾರಿಗೆ ಮಂಡಳಿ. 1908ರ ಹಳೆಯ ಬಂದರು ಕಾಯ್ದೆಯ ಜಾಗಕ್ಕೆ 2025ರಲ್ಲಿ ಹೊಸ ಕಾಯ್ದೆಯೂ ಬಂತು. ಅದರಲ್ಲೂ ನಡೆಸುವ ಅಧಿಕಾರ ರಾಜ್ಯಗಳ ಮಂಡಳಿಗಳದ್ದೇ.

ನಗರಸಭೆ ಎಲ್ಲಿದೆ? ನಗರ ಸಂಸ್ಥೆಗಳಿಗೆ ಕೊಡಬಹುದಾದ 18 ವಿಷಯಗಳ ಪಟ್ಟಿ ಹನ್ನೆರಡನೆಯ ಅನುಸೂಚಿಯಲ್ಲಿದೆ. ಅದರಲ್ಲಿ ಬಂದರು ಎಂಬ ಶಬ್ದವೇ ಇಲ್ಲ. ತಮಾಷೆ ಅಂದರೆ ಪಂಚಾಯಿತಿಗಳ 29 ವಿಷಯಗಳ ಪಟ್ಟಿಯಲ್ಲಿ ಮೀನುಗಾರಿಕೆ ಇದೆ, ದೋಣಿ ಕಡವು ಇದೆ, ಜಲಮಾರ್ಗವೂ ಇದೆ! ಕಾಗದದ ಮೇಲೆ ನೋಡಿದರೆ ಕಾರವಾರ ನಗರಸಭೆಗಿಂತ ಹಳ್ಳಿಯ ಪಂಚಾಯಿತಿಗೇ ನೀರಿನ ದಾರಿಯ ಮೇಲೆ ಹೆಚ್ಚು ಮಾತಿದೆ. ಆದರೆ ಆ ಮಾತನ್ನು ಆಡುವವರು ಬೇಕಲ್ಲ. ಜಿಲ್ಲಾ ಪಂಚಾಯಿತಿ, ತಾಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲ. ಸ್ಥಳೀಯ ಸರ್ಕಾರ ಅಂತ ನಾವು ಕರೆಯುವುದರ ದೊಡ್ಡ ಭಾಗವನ್ನು ಅಧಿಕಾರಿಗಳೇ ನಡೆಸಿದ್ದಾರೆ.

ದುಡ್ಡಿನ ಸ್ಥಿತಿಯೂ ಅಷ್ಟಕ್ಕಷ್ಟೇ. ಗ್ರಾಮ ಪಂಚಾಯಿತಿಗಳಿಗೆ 15ನೇ ಹಣಕಾಸು ಆಯೋಗದಿಂದ ಬಂದ ಅನುದಾನದಲ್ಲಿ ನೂರಕ್ಕೆ ಅರವತ್ತು ಕುಡಿಯುವ ನೀರು, ನೈರ್ಮಲ್ಯಕ್ಕೇ ಮೀಸಲಾಗಿತ್ತು. ನಗರಸಭೆಗೆ ಮನೆ ಕಂದಾಯ, ನೀರಿನ ಕರ, ಅಂಗಡಿ ಬಾಡಿಗೆ. ನೌಕಾನೆಲೆಯಂಥ ಕೇಂದ್ರದ ಆಸ್ತಿಗೆ ಸಂವಿಧಾನದ 285ನೇ ವಿಧಿಯಡಿ ತೆರಿಗೆ ವಿನಾಯಿತಿ. ಬಂದರಿಗೆ ಬರುವ ಹಡಗಿನ ಶುಲ್ಕ ಜಲಸಾರಿಗೆ ಮಂಡಳಿಗೆ ಹೋಗುತ್ತದೆ. ಊರಿಗೆ ಉಳಿಯುವುದು ಲಾರಿ ಸಾಲು, ದೂಳು, ಕಿತ್ತುಹೋದ ರಸ್ತೆ. ಕಬ್ಬಿಣದ ಅದಿರಿನ ರಫ್ತು ಜೋರಾಗಿದ್ದ ಕಾಲದಲ್ಲಿ ಅಂಕೋಲೆಯವರು ಇದನ್ನು ಚೆನ್ನಾಗಿ ನೋಡಿದ್ದಾರೆ. ಅರಬೈಲ್ ಘಟ್ಟ ಇಳಿದು ಬೇಲೇಕೇರಿಗೆ ಹೋಗುವ ಲಾರಿಗಳಿಂದ ರಸ್ತೆ ಬದಿಯ ಮರದ ಎಲೆಯೂ ಕೆಂಪಾಗಿತ್ತು. 2010ರಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿತು. ಬೇಲೇಕೇರಿಯಲ್ಲಿ ಜಪ್ತಿ ಮಾಡಿದ್ದ ಲಕ್ಷಾಂತರ ಟನ್ ಅದಿರು ಕಾಣೆಯಾದ ಪ್ರಕರಣ ಇನ್ನೂ ನೆನಪಿನಲ್ಲಿದೆ. ಕೆಂಪು ದೂಳಿನ ಲೆಕ್ಕ ಮಾತ್ರ ಯಾರೂ ಇಟ್ಟಿರಲಿಲ್ಲ.

ಹಾಗಾದರೆ ಅಮೆರಿಕದ ಹಾಗೆ ಅರ್ಧ ಪಾಲು ಹಾಕಿ ಅಂತ ಕಾರವಾರಕ್ಕೆ ಹೇಳಬಹುದಾ? ಖಂಡಿತ ಬೇಡ. ಅಲ್ಲಿ ಪಾಲು ಹಾಕುವವನಿಗೆ ಬಂದರಿನ ಆದಾಯದಲ್ಲಿ ಹಕ್ಕಿದೆ, ಇಲ್ಲವೇ ತೆರಿಗೆ ಹಾಕುವ ಅಧಿಕಾರ ಇದೆ. ಇಲ್ಲಿ ಎರಡೂ ಇಲ್ಲ. ಕುಡಿಯುವ ನೀರಿನ ದುಡ್ಡು ತೆಗೆದು, ಲಾಭ ಇನ್ನೊಬ್ಬರಿಗೆ ಹೋಗುವ ಕಾಲುವೆಗೆ ಸುರಿಯುವುದು ಯಾವ ನ್ಯಾಯ? ಆದರೆ ಒಂದು ಪೈಸೆಯೂ ಹಾಕದೆ ಕೂತರೆ ಏನಾಗುತ್ತದೆ ಎಂಬುದನ್ನೂ ನಾವು ಕಂಡಿದ್ದೇವೆ.

ಬಂದರು ಅಭಿವೃದ್ಧಿಗೆ ಕೇಂದ್ರ ತಂದ ಸಾಗರಮಾಲಾ ಯೋಜನೆಯಡಿ ಕಾರವಾರ ಬಂದರಿನ ಎರಡನೇ ಹಂತದ ವಿಸ್ತರಣೆಗೆ ಅಲೆತಡೆಗೋಡೆ ಕಟ್ಟಲು ಹೊರಟಾಗ ಏನಾಯಿತು ನೆನಪಿಸಿಕೊಳ್ಳಿ. 2020ರ ಜನವರಿಯಲ್ಲಿ ಪೊಲೀಸ್ ಕಾವಲಿನಲ್ಲಿ ಕೆಲಸ ಶುರುವಾಯಿತು. ಮೀನುಗಾರರು ಬೀದಿಗಿಳಿದರು. ಟ್ಯಾಗೋರ್ ಕಡಲತೀರ ಹೋಗುತ್ತದೆ ಎಂಬ ಆತಂಕಕ್ಕೆ ಪೇಟೆಯವರೂ ಜೊತೆಗೂಡಿದರು. ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. ನೌಕಾನೆಲೆಗೆ ಅರಗಾ, ಬಿಣಗಾ ಕಡೆಯ ತೀರ ಬಿಟ್ಟುಕೊಟ್ಟ ಊರು ಇದು. ಬಲೆ ಎಳೆಯಲು, ಮೀನು ಒಣಗಿಸಲು ಉಳಿದಿರುವ ಜಾಗ ಎಷ್ಟು, ಆ ಜಾಗದಲ್ಲಿ ಮರಳು ಮುಂದೆ ನಿಲ್ಲುತ್ತದಾ ಎಂಬುದು ಮೀನುಗಾರರ ಪ್ರಶ್ನೆಯಾಗಿತ್ತು. ಎಂಜಿನಿಯರುಗಳ ವರದಿಗಳು ಇರಲಿಲ್ಲ ಅಂತಲ್ಲ. ಅಲೆತಡೆಗೋಡೆ ಎಲ್ಲಿಂದ ಎಲ್ಲಿಗೆ ಎಂದು ಕೇಳಿದವರಿಗೆ ವರದಿ ಉತ್ತರ ಕೊಡುತ್ತದೆ. ಬೇರೆ ಪ್ರಶ್ನೆ ಕೇಳಿದವರು ಬೀದಿಯಲ್ಲಿ ಕೇಳಬೇಕಾಯಿತು, ಆಮೇಲೆ ಕೋರ್ಟಿನಲ್ಲಿ.

ಅಂಕೋಲೆಯ ಕೇಣಿಯಲ್ಲೂ ಇದೇ. 2023ರಲ್ಲಿ ಜೆಎಸ್‌ಡಬ್ಲ್ಯು ಇನ್ಫ್ರಾಸ್ಟ್ರಕ್ಚರ್‌ಗೆ ಅಲ್ಲಿ ಹೊಸ ಆಳ ಬಂದರು ಕಟ್ಟುವ ಗುತ್ತಿಗೆ ಸಿಕ್ಕಿತು. ಅಂದಾಜು 4,119 ಕೋಟಿ ರೂಪಾಯಿ, ವರ್ಷಕ್ಕೆ 3 ಕೋಟಿ ಟನ್ ಸಾಮರ್ಥ್ಯ. ಅಂಥ ಯೋಜನೆಯಲ್ಲಿ ಅಧ್ಯಯನ ಮಾಡಿಸುವ ಹೊಣೆಯೂ ಕಟ್ಟುವವರದ್ದೇ. ಕಾನೂನೇ ಹಾಗಿದೆ, ಅದರಲ್ಲಿ ಕಳ್ಳತನ ಏನಿಲ್ಲ. ಆದರೆ ಕಟ್ಟಲು ಹೊರಟವರು ದುಡ್ಡು ಕೊಟ್ಟು ಮಾಡಿಸಿದ ಅಧ್ಯಯನ ಹೇಗೆ ಕಟ್ಟುವುದು ಎಂದು ಕೇಳುತ್ತದೆ. ಕಟ್ಟಬೇಕಾ ಎಂದು ಕೇಳುವ ಕೆಲಸ ಸಾರ್ವಜನಿಕ ಅಹವಾಲು ಸಭೆಗೆ ಉಳಿಯುತ್ತದೆ. ದಪ್ಪ ಪುಸ್ತಕ ಒಂದು ಕಡೆ, ಮೈಕಿನ ಮುಂದೆ ಸಿಗುವ ಐದು ನಿಮಿಷ ಇನ್ನೊಂದು ಕಡೆ.

ಹಾಗಾಗಿ ನನ್ನ ವಾದ ಇಷ್ಟೇ. ಅಧ್ಯಯನಕ್ಕೆ ಕೊಡುವ ದುಡ್ಡು ಪ್ರಶ್ನೆ ಕೇಳುವ ಹಕ್ಕಿನ ಬೆಲೆ. ಸ್ಥಳೀಯ ಸಂಸ್ಥೆಗಳು ದೊಡ್ಡ ಅಧ್ಯಯನಕ್ಕೆ ಪಾಲು ಹಾಕುವುದು ಬೇಡ, ಆದರೆ ಅದರ ಪ್ರಶ್ನೆಪತ್ರಿಕೆ ಬರೆಯುವ ಮೇಜಿನಲ್ಲಿ ಕುರ್ಚಿ ಬೇಕು. ಆ ಕುರ್ಚಿಗೆ ಎಷ್ಟು ಬೇಕೋ ಅಷ್ಟು ಮಾತ್ರ ಹಾಕಲಿ. ಬಂದರು ಶುಲ್ಕದಲ್ಲಿ ಊರಿಗೊಂದು ಪಾಲು ಎಂಬ ಷರತ್ತು ಬರೆದುಕೊಂಡ ಮೇಲೆ ಹಾಕಲಿ.

ಪ್ರಶ್ನೆಪತ್ರಿಕೆಯಲ್ಲಿ ಏನಿರಬೇಕು? ಆಳ ಮಾಡಿದ ಮೇಲೆ ವರ್ಷ ವರ್ಷ ಹೂಳೆತ್ತುವ ಖರ್ಚು ಯಾರದು, ಎಷ್ಟು ವರ್ಷ? ಇದು ಮೊದಲನೆಯದು, ಯಾಕೆಂದರೆ ಆಳ ಜಾಸ್ತಿಯಾದಷ್ಟೂ ಕಾಲುವೆ ಹೆಚ್ಚು ಹೂಳು ಹಿಡಿಯುತ್ತದೆ. ನವಮಂಗಳೂರಿನಂಥ ದೊಡ್ಡ ಬಂದರಿಗೂ ಮಳೆಗಾಲ ಮುಗಿದ ಮೇಲೆ ಈ ಕೆಲಸ ತಪ್ಪಿಲ್ಲ. ಕಾಳಿ ನದಿಗೆ ಸೂಪಾದಿಂದ ಕದ್ರಾವರೆಗೆ ಅಣೆಕಟ್ಟುಗಳಿವೆ. ನದಿ ತರುವ ಮಣ್ಣೇ ಬದಲಾಗಿದೆ, ಹಳೆಯ ಲೆಕ್ಕ ಈಗ ನಡೆಯುತ್ತದಾ? ಕೆಸರು ಕಲಕಿದರೆ ಅಳಿವೆಯ ಬಳಚು, ಕಲ್ವಾ ಎಂಬ ಚಿಪ್ಪುಮೀನು ಆಯ್ದು ಮಾರುವ ಹೆಂಗಸರ ದುಡಿಮೆ ಎಷ್ಟು ದಿನ ನಿಲ್ಲುತ್ತದೆ? ಬೋಟಿನವರಿಗಾದರೂ ಸಂಘ ಇದೆ, ಇವರ ಹೆಸರು ಯಾವ ಪಟ್ಟಿಯಲ್ಲೂ ಇರುವುದಿಲ್ಲ.

ಇನ್ನೊಂದು ಪ್ರಶ್ನೆ ಘಟ್ಟದ ಮೇಲಿನದು. ಆಳ ಮಾಡಿದರೆ ಸರಕು ಬರುತ್ತದೆ ಅನ್ನುವುದು ಅರ್ಧ ಸತ್ಯ. ಇಂಗ್ಲಿಷರು ಇದನ್ನು ಇಲ್ಲೇ ಕಲಿತರು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ತೆಗೆದು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ಅದಕ್ಕೆ ಒಂದು ಕಾರಣ ಧಾರವಾಡದ ಹತ್ತಿ. ಅಮೆರಿಕದಲ್ಲಿ ಯುದ್ಧ ನಡೆದು ಅಲ್ಲಿಯ ಹತ್ತಿ ನಿಂತಿತ್ತು, ಮ್ಯಾಂಚೆಸ್ಟರ್‌ನ ಗಿರಣಿಗಳಿಗೆ ಕಾರವಾರದ ದಾರಿ ಬೇಕಿತ್ತು. ಮ್ಯಾಂಚೆಸ್ಟರ್ ಕಾಟನ್ ಕಂಪನಿ ಎಂಬುದೊಂದು ಇಲ್ಲಿಗೆ ಬಂದು ಕೆಲವೇ ವರ್ಷಗಳಲ್ಲಿ ಬಾಗಿಲು ಹಾಕಿತು. ಗುಡ್ಡದ ಆಸರೆ, ದ್ವೀಪಗಳ ಕಾವಲು ಇರುವ ಒಳ್ಳೆಯ ಬಂದರು ಇತ್ತು. ಆದರೆ ರೈಲು ಬಂದದ್ದು ಗೋವಾದ ಮರ್ಮಗೋವಾ ಬಂದರಿಗೆ, 1888ರಲ್ಲಿ. ಹತ್ತಿ ಆ ಕಡೆ ತಿರುಗಿತು. ಹುಬ್ಬಳ್ಳಿ–ಅಂಕೋಲಾ ರೈಲಿಗೆ 1990ರ ದಶಕದ ಕೊನೆಯಲ್ಲಿ ಶಂಕುಸ್ಥಾಪನೆಯಾಗಿ ಕಾಡಿನ ಪ್ರಶ್ನೆಯಲ್ಲಿ ಸಿಕ್ಕಿಕೊಂಡಿದೆ. ಆ ಕಾಡು ಕಡಿಯಬೇಕಾ ಅನ್ನುವುದು ಬೇರೆಯೇ ಲೇಖನ. ಸದ್ಯಕ್ಕೆ, ರೈಲಿಲ್ಲದೆ ಆ ಐದು ಸಾವಿರ ಟನ್ ಸರಕು ಇಳಿದರೆ ಇನ್ನೂರು ಲಾರಿಯಾಗಿ ಊರೊಳಗೇ ಹೋಗಬೇಕು. ಶಿರಸಿ–ಕುಮಟಾ ರಸ್ತೆ ಅಗಲ ಮಾಡಿದ್ದೂ ಬಂದರು ಸಂಪರ್ಕದ ಹೆಸರಿನಲ್ಲೇ. ದೇವಿಮನೆ ಘಟ್ಟದ ತಿರುವಿನಲ್ಲಿ ಬಸ್ಸು ಹಿಂದೆ ತೆಗೆಯುತ್ತಾ ನಿಂತ ಶಿರಸಿಯವರಿಗೂ ಈ ಕಾಲುವೆಯ ಆಳಕ್ಕೂ ಸಂಬಂಧ ಇದೆ ಅಂತಾಯಿತು.

ಇವೆಲ್ಲ ಆಗುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಸ್ಥಳೀಯ ದುಡ್ಡಿಗೆ ತಕ್ಕ ಒಂದು ಸಣ್ಣ ಕೆಲಸ ಇದೆ. ಬೈತಖೋಲ, ಮುದಗಾ, ಬೇಲೇಕೇರಿ, ತದಡಿ, ಹೊನ್ನಾವರದ ಬಂದರು, ಅಳಿವೆಗಳ ಆಳವನ್ನು ವರ್ಷಕ್ಕೆ ಎರಡು ಸಲ, ಮಳೆಗಾಲದ ಮೊದಲು ಮತ್ತು ಅದರ ಜೋರು ಇಳಿದ ಮೇಲೆ, ಅಳೆದು ಊರವರ ಕೈಗೆ ಸಿಗುವಂತೆ ಬರೆದಿಡುವುದು. ಶಾಸಕರಿಗೆ ವರ್ಷಕ್ಕೆ 2 ಕೋಟಿ, ಸಂಸದರಿಗೆ 5 ಕೋಟಿ ರೂಪಾಯಿಯ ಕ್ಷೇತ್ರಾಭಿವೃದ್ಧಿ ನಿಧಿ ಇದೆ. ಸಭಾಭವನ, ತಂಗುದಾಣ ಸಾಕಷ್ಟಾಗಿವೆ. ಅಳತೆ ಎಂಬುದು ಆ ನಿಧಿಯ ನಿಯಮಕ್ಕೆ ಕೂಡುವುದಿಲ್ಲ ಅಂದರೆ ಮೀನುಗಾರಿಕೆ ಪಂಚಾಯಿತಿಗಳ ಪಟ್ಟಿಯಲ್ಲಿ ಇದ್ದೇ ಇದೆ. ದೊಡ್ಡ ಬೋಟುಗಳಲ್ಲಿ ಆಳ ತೋರಿಸುವ ಎಕೋ ಸೌಂಡರ್ ಈಗಾಗಲೇ ಇದೆ. ತಾಂಡೇಲ ದಿನಾ ಅದನ್ನು ನೋಡಿಯೇ ಅಳಿವೆ ದಾಟುವುದು. ಆ ಅಂಕಿ ಬೋಟಿನಲ್ಲೇ ಹುಟ್ಟಿ ಬೋಟಿನಲ್ಲೇ ಅಳಿದುಹೋಗುತ್ತಿದೆ. ಅದನ್ನು ಉಬ್ಬರ-ಇಳಿತದ ಹೊತ್ತಿನ ಜೊತೆ ಬರೆದುಕೊಳ್ಳುವ ಒಬ್ಬ ಹುಡುಗ, ಪರೀಕ್ಷಿಸಿ ನೋಡುವ ಒಬ್ಬ ತಜ್ಞ ಇದ್ದರೆ ಶುರು ಮಾಡಬಹುದು. ನಾಳೆ ಯಾರಾದರೂ ದಪ್ಪ ವರದಿ ತಂದಿಟ್ಟರೆ ಪಕ್ಕದಲ್ಲಿಟ್ಟು ನೋಡಲು ಊರಿನ ಹತ್ತಿರವೂ ಐದು ವರ್ಷದ ಅಂಕಿ ಇರುತ್ತದೆ.

ಜೂನ್ 1ಕ್ಕೆ ಮೀನುಗಾರಿಕೆ ನಿಷೇಧ ಶುರು, ಯಾಂತ್ರಿಕ ಬೋಟುಗಳು ದಡ ಸೇರುತ್ತವೆ. ಮೊದಲ ಸುತ್ತಿನ ಅಳತೆ ಅಷ್ಟರೊಳಗೆ ಮುಗಿಯಬೇಕು. ಎರಡನೆಯದು ಆಗಸ್ಟ್‌ನಲ್ಲಿ ಬೋಟು ಮತ್ತೆ ನೀರಿಗಿಳಿದ ಮೊದಲ ವಾರದಲ್ಲಿ, ಹೊಸ ಹೂಳು ಕದಡುವ ಮುಂಚೆ.